ಯೂರೋಪಾ ಯೂನಿವರ್ಸಾಲಿಸ್ 4: ದಖ್ಖನಿನಲ್ಲಿ ಕಂಪ್ಯೂಟರ್ ಆಡಿಸುವ ರಾಜ್ಯಗಳ ಸಮಬಲ ಏಕೆ ಉಳಿಯುವುದಿಲ್ಲ?

ಪ್ರಶ್ನೆ
ಚರಿತ್ರೆಯನ್ನು ಆಧರಿಸಿದ ಈ ಕಂಪ್ಯೂಟರ್ ತಂತ್ರದಾಟದಲ್ಲಿ ನಾನು ಹೆಚ್ಚಾಗಿ ಪೋರ್ಚುಗಲ್ ಆಡುತ್ತೇನೆ. 1444ರ ನವೆಂಬರ್ 11ರಂದು ಆಟ ಆರಂಭವಾದಾಗ ವಿಜಯನಗರ ಮತ್ತು ಬಹಮನಿ ರಾಜ್ಯಗಳು ಹೆಚ್ಚುಕಡಿಮೆ ಸರಿಸಮವಾಗಿಯೇ ಇರುತ್ತವೆ. ಆದರೆ ನನ್ನ ಹಡಗುಗಳು ಆಫ್ರಿಕಾವನ್ನು ಸುತ್ತಿ ಮಲಬಾರ್ ತೀರ ತಲುಪುವ ಹೊತ್ತಿಗೆ ಎರಡರಲ್ಲಿ ಒಂದು ಇನ್ನೊಂದನ್ನು ನುಂಗಿ ಕುಳಿತಿರುತ್ತದೆ. ಗೆಲ್ಲುವ ಪಕ್ಷ ಮಾತ್ರ ಆಟದಿಂದ ಆಟಕ್ಕೆ ಬದಲಾಗುತ್ತದೆ. ಆಯ್ದ ರಾಜ್ಯಗಳಿಗೆ ಹೆಚ್ಚುವರಿ ಅನುಕೂಲ ಕೊಡುವ ‘ಲಕ್ಕಿ ನೇಷನ್ಸ್’ ಆಯ್ಕೆ ಇದಕ್ಕೆ ಕಾರಣವೇ?

ಉತ್ತರ 1
ಆ ಆಯ್ಕೆಯ ಲಾಭ ಕಂಪ್ಯೂಟರ್ ಆಡಿಸುವ ಕೆಲವು ರಾಜ್ಯಗಳಿಗಷ್ಟೇ ಸಿಗುತ್ತದೆ. ಒಟ್ಟೋಮನ್ನರು ಬೆಳೆಯುವುದರಲ್ಲಿ ಅದರ ಪಾಲೂ ಇದೆ. ಆದರೆ ದಖ್ಖನಿನಲ್ಲಿ ಅದೇ ಕಾರಣವಾಗಿದ್ದರೆ ಪ್ರತಿ ಸಲವೂ ಒಂದೇ ಪಕ್ಷ ಗೆಲ್ಲಬೇಕಿತ್ತು. ಪರೀಕ್ಷಿಸಬೇಕೆಂದರೆ ಐರನ್‌ಮ್ಯಾನ್ (ಕನ್ಸೋಲ್ ಬಳಸಲು ಬಿಡದ ಕಟ್ಟುನಿಟ್ಟಿನ ವಿಧಾನ) ಇಲ್ಲದೆ, ಆ ಆಯ್ಕೆಯನ್ನೂ ತೆಗೆದು ಹೊಸ ಆಟ ಆರಂಭಿಸಿ, ಕನ್ಸೋಲಿನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ‘ಅಬ್ಸರ್ವ್’ ಎಂಬ ವೀಕ್ಷಕನ ಆಜ್ಞೆ ಕೊಟ್ಟು ಸುಮ್ಮನೆ ನೋಡುತ್ತಿರಿ.

ಉತ್ತರ 2
ಮೂಲ ಕಾರಣ ಮೊದಲ ಯುದ್ಧವೇ ಎಂದು ನನ್ನ ಅಭಿಪ್ರಾಯ. ಸೋತವನು ಭೂಮಿಯ ಜೊತೆಗೆ ಅದರ ತೆರಿಗೆಯನ್ನೂ ಸೈನಿಕರನ್ನೂ ಕಳೆದುಕೊಳ್ಳುತ್ತಾನೆ, ಅವೆಲ್ಲ ಗೆದ್ದವನ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಕದನವಿರಾಮ ಮುಗಿದು ಎರಡನೆಯ ಯುದ್ಧ ಬರುವಾಗ ಅದರ ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಚರಿತ್ರೆಯಲ್ಲಿ ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿಗಾಗಿ ಇವೆರಡೂ ತಲೆಮಾರುಗಟ್ಟಲೆ ಕಾದಾಡಿದರೂ ಒಂದನ್ನೊಂದು ಮುಗಿಸಲಾಗಲಿಲ್ಲ, ಏಕೆಂದರೆ ಇಬ್ಬರಿಗೂ ಮನೆಯೊಳಗಿನ ಕಾಟ ತಪ್ಪಿದ್ದಿಲ್ಲ. ಬೀದರಿನ ಬಹಮನಿ ಆಸ್ಥಾನದ ದಖ್ಖನಿ (ಸ್ಥಳೀಯ) ಮತ್ತು ಅಫಾಕಿ (ಹೊರನಾಡಿನಿಂದ ಬಂದವರ) ಬಣಗಳ ಜಗಳದಲ್ಲಿ 1481ರಲ್ಲಿ ಪ್ರಧಾನಿ ಮಹಮೂದ್ ಗವಾನನ ತಲೆ ಉರುಳಿತು. ನಾಲ್ಕು ವರ್ಷಗಳ ನಂತರ ವಿಜಯನಗರದ ಸಿಂಹಾಸನವನ್ನು ಸಾಳುವ ನರಸಿಂಹ ವಶಪಡಿಸಿಕೊಂಡ. ಗೆದ್ದ ರಾಜ್ಯವನ್ನು ಒಳಗಿನಿಂದ ಈ ಮಟ್ಟಿಗೆ ಕೊರೆಯುವ ಶಕ್ತಿ ಆಟದ ದಂಗೆಗಳಿಗೆ ಇಲ್ಲ.

ಉತ್ತರ 3
ದಂಗೆಗಳ ಮಾತು ಒಪ್ಪುತ್ತೇನೆ, ಆದರೆ ಹೊರಗಿನ ತಡೆಯನ್ನು ಮರೆಯಬಾರದು. ಆಕ್ರಮಣದಿಂದ ಹುಟ್ಟುವ ಅಸಮಾಧಾನ 50 ದಾಟಿ, ಅಭಿಪ್ರಾಯವೂ ಋಣಾತ್ಮಕವಾದರೆ ನೆರೆಯ ರಾಜ್ಯಗಳು ಒಕ್ಕೂಟ ಕಟ್ಟಬಹುದು. 1565ರಲ್ಲಿ ವಿಜಯನಗರದ ರಾಮರಾಯನ ವಿರುದ್ಧ ದಖ್ಖನಿನ ಸುಲ್ತಾನರು ಒಂದಾದದ್ದು ಇದಕ್ಕೆ ತಕ್ಕ ಉದಾಹರಣೆ. ಆದರೆ ಒಂದಾಗಲು ಹಲವರಾದರೂ ಇರಬೇಕಲ್ಲ! ಬಹಮನಿ ಚರಿತ್ರೆಯಲ್ಲಾದಂತೆ ಒಡೆಯದೆ ಇಡಿಯಾಗಿ ನುಂಗಲ್ಪಟ್ಟರೆ ಒಕ್ಕೂಟ ಕಟ್ಟಲು ಅದರ ತುಂಡುಗಳಾದ ಬಿಜಾಪುರವೂ ಇಲ್ಲ, ಅಹಮದ್‌ನಗರವೂ ಇಲ್ಲ. ಗುಜರಾತ್, ಮಾಳವಗಳು ದೂರದಲ್ಲಿರುವುದರಿಂದ ಅವುಗಳ ಅಸಮಾಧಾನವೂ ಕಡಿಮೆ. ಸೋತವರಿಗೆ ಸುಮ್ಮನೆ ಬಲ ತುಂಬುವ ಮಾಡ್‌ಗಳು (ಆಟಗಾರರು ಮಾಡಿದ ಮಾರ್ಪಾಡುಗಳು) ನನಗೆ ಹಿಡಿಸುವುದಿಲ್ಲ, ಏಕೆಂದರೆ ಆಗ ಯಾರೂ ಯಾರನ್ನೂ ಗೆಲ್ಲದ ಮಂಕು ನಕಾಶೆಯಷ್ಟೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು
ಹಾಗಾದರೆ ಪೋರ್ಚುಗಲ್ ಆಡುವವನು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 2
ಮೊದಲ ಯುದ್ಧದಲ್ಲಿ ಸೋತವನಿಗೆ ಪ್ರತಿ ತಿಂಗಳು ಧನಸಹಾಯ ಕಳುಹಿಸಿ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಪೋರ್ಚುಗೀಸ್ ಬಂದೂಕುಧಾರಿಗಳು ಅವನ ಪಾಳೆಯದಲ್ಲಿದ್ದರು, ಆದ್ದರಿಂದ ನೀವು ಮೂಗು ತೂರಿಸಿದರೆ ಚರಿತ್ರೆಗೆ ಅಪಚಾರವೇನೂ ಆಗುವುದಿಲ್ಲ. ಆದರೆ ಆ ವೇಳೆಗೆ ನೀವು ಭಾರತವನ್ನು ಕಂಡುಹಿಡಿದಿರಬೇಕು. ಅದಕ್ಕಾಗಿ ಹೊಸ ನಾಡುಗಳನ್ನು ಹುಡುಕುವ ಸಾಮರ್ಥ್ಯ ಕೊಡುವ ಅನ್ವೇಷಣೆಯ ಐಡಿಯಾ ಗುಂಪನ್ನೇ ಮೊದಲು ತೆಗೆದುಕೊಳ್ಳಿ.