ಹೊಳೆ ತುಂಬಿ ಹರಿಯುವಾಗ ಟ್ರೌಟ್ ಮೀನು ಎಲ್ಲಿರುತ್ತದೆ, ಫ್ಲೈ ಹೇಗೆ ಹಾಕಬೇಕು?

ಹೊಸಗಾಳ:

ಫ್ಲೈ ಫಿಶಿಂಗ್ (ಹುಳದ ಹಾಗೆ ಕಟ್ಟಿದ ಕೊಕ್ಕೆ, ಅಂದರೆ ಫ್ಲೈ, ಎಸೆದು ಮೀನು ಹಿಡಿಯುವುದು) ಶುರು ಮಾಡಿ ಜಾಸ್ತಿ ಕಾಲ ಆಗಿಲ್ಲ. ನೀರು ಕಡಿಮೆ ಇದ್ದಾಗ ಹೇಗೋ ನಿಭಾಯಿಸುತ್ತೇನೆ, ಟ್ರೌಟ್ ಯಾವ ಕಲ್ಲಿನ ಹಿಂದೆ ನಿಲ್ಲುತ್ತದೆ ಅಂತ ಒಂದು ಅಂದಾಜೂ ಸಿಕ್ಕಿದೆ. ಈಗ ಮೇಲೆ ಹಿಮ ಕರಗುತ್ತಿದೆ, ಅದರ ಜೊತೆ ಮಳೆ ಬೇರೆ. ಹೊಳೆ ದಡ ತುಂಬಿ ಹರಿಯುತ್ತಿದೆ. ನನಗೆ ಗೊತ್ತಿದ್ದ ಕಲ್ಲುಗಳು ಒಂದೂ ಕಾಣುತ್ತಿಲ್ಲ. ನೀರು ಹಸಿರೂ ಅಲ್ಲ ಕಂದೂ ಅಲ್ಲ ಅನ್ನುವ ಬಣ್ಣಕ್ಕೆ ತಿರುಗಿದೆ. ಎಲ್ಲಿ ನೋಡಿದರೂ ಒಂದೇ ರಭಸ. ನಿಂಫ್ (ನೀರೊಳಗಿನ ಮರಿಹುಳದ ಹಾಗಿರುವ ಫ್ಲೈ) ಹಾಕಿದ ತಕ್ಷಣ ಸೆಳೆತ ಹೊತ್ತುಕೊಂಡು ಹೋಗುತ್ತದೆ, ತಳ ಮುಟ್ಟುವ ಮಾತೇ ಇಲ್ಲ.

ನನ್ನ ಹತ್ತಿರ ಇರುವುದು 9 ಅಡಿಯ 5 ವೆಯ್ಟ್ (ಮಧ್ಯಮ ಬಲದ) ರಾಡ್, ಫ್ಲೋಟಿಂಗ್ (ತೇಲುವ) ಲೈನ್. ಇಂಥ ನೀರಲ್ಲಿ ಏನಾದರೂ ಸಿಗುತ್ತದಾ, ಅಥವಾ ಇಳಿಯುವ ತನಕ ಸುಮ್ನೆ ಮನೆಯಲ್ಲಿ ಕೂರುವುದೇ ಮೇಲಾ? ಸಿಗುತ್ತದೆ ಅನ್ನುವುದಾದರೆ ಯಾವ ಜಾಗ, ಯಾವ ಫ್ಲೈ, ಸ್ವಲ್ಪ ಬಿಡಿಸಿ ಹೇಳಿ.

ಬಗ್ಗಡರಾಯ:

ಸಿಗುತ್ತದೆ. ಎಷ್ಟೋ ಸಲ ತಿಳಿ ನೀರಿಗಿಂತ ಸುಲಭವಾಗಿ ಸಿಗುತ್ತದೆ, ಯಾಕಂದರೆ ಮೀನಿಗೆ ನಿಲ್ಲಲು ಜಾಗ ಕಡಿಮೆ ಆಗಿರುತ್ತದೆ. ನೀರು ಜಾಸ್ತಿ ಆಯಿತು ಅಂತ ಟ್ರೌಟ್ ಊರು ಬಿಟ್ಟು ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ನಡು ಹೊಳೆಯಲ್ಲಿ ಈಜುತ್ತಾ ನಿಂತರೆ ತಿಂದದ್ದಕ್ಕಿಂತ ಖರ್ಚೇ ಜಾಸ್ತಿ. ನೀರು ತಳಕ್ಕೂ ದಡಕ್ಕೂ ಉಜ್ಜಿಕೊಂಡು ಹರಿಯುವುದರಿಂದ ಅಲ್ಲಿ ರಭಸ ಕಡಿಮೆ, ಮೀನು ಅಲ್ಲಿಗೇ ಬರುತ್ತದೆ. ಹಾಗಾಗಿ ನಡು ಹೊಳೆಯನ್ನು ಮರೆತುಬಿಡಿ. ದಡದಿಂದ ಎರಡು ಮೀಟರ್ ಒಳಗೆ ಏನಿದೆ ಅಂತ ಮಾತ್ರ ನೋಡಿ.

ನೊರೆಯನ್ನು ನೋಡುವುದು ಕಲಿತುಕೊಳ್ಳಿ. ದೊಡ್ಡ ಸೆಳೆತದಲ್ಲಿ ನೊರೆ ಓಡುತ್ತಿರುತ್ತದೆ. ಅದೇ ಅಂಚಿನಲ್ಲಿ, ಮುಳುಗಿದ ಹುಲ್ಲಿನ ಪಕ್ಕ, ನಾವು ಆರಾಮಾಗಿ ನಡೆಯುವಷ್ಟು ವೇಗದಲ್ಲಿ ಒಂದೊಂದೇ ಗುಳ್ಳೆ ಹೋಗುತ್ತಿರುತ್ತದೆ. ಆ ಎರಡು ವೇಗ ಸೇರುವ ಗೆರೆ ಕಣ್ಣಿಗೆ ಕಾಣುತ್ತದೆ, ಒಂದು ಕಡೆ ನೀರು ಕುದಿಯುತ್ತಿರುತ್ತದೆ, ಈ ಕಡೆ ಮಟ್ಟಸ. ಗೆರೆಯ ಈ ಕಡೆಗೇ ಫ್ಲೈ ಬೀಳಬೇಕು. ತಿರುವಿನ ಒಳಬದಿ, ಸೇತುವೆ ಕಂಬದ ಹಿಂದೆ, ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಪಕ್ಕದ ಕಾಲುವೆಗಳು, ಸಣ್ಣ ತೊರೆ ತಿಳಿ ನೀರು ತಂದು ಸೇರಿಸುವ ಬಾಯಿ, ಇವೆಲ್ಲ ಒಳ್ಳೆ ಜಾಗಗಳು. ತೊರೆಯ ಬಾಯಿಯನ್ನಂತೂ ಬಿಟ್ಟು ಹೋಗಲೇಬೇಡಿ.

ದಡದ ಸುಳಿಗಳಲ್ಲಿ ಒಂದು ವಿಷಯ ಗಮನಿಸಿ. ಅಲ್ಲಿ ನೀರು ಹಿಂದಕ್ಕೆ ತಿರುಗಿ ಹರಿಯುತ್ತದೆ. ಮೀನು ಯಾವಾಗಲೂ ಹರಿವಿಗೆ ಮುಖ ಕೊಟ್ಟು ನಿಲ್ಲುವುದರಿಂದ, ಸುಳಿಯ ದಡದ ಕಡೆ ಇರುವ ಮೀನು ಹೊಳೆ ಇಳಿಯುವ ದಿಕ್ಕಿಗೆ ಮುಖ ಮಾಡಿರುತ್ತದೆ. ಎಂದಿನಂತೆ ಕೆಳಗಿನಿಂದ ಮೇಲಕ್ಕೆ ನಡೆದುಬಂದರೆ ಅದರ ಕಣ್ಣೆದುರೇ ಬಂದು ನಿಂತ ಹಾಗೆ.

ಇನ್ನು ಫ್ಲೈ. ಈ ನೀರಿಗೆ ನಾಜೂಕು ಬೇಡ. ದಡ ಕೊರೆದು ಎರೆಹುಳ ನೀರಿಗೆ ಬೀಳುವ ಕಾಲ ಇದು, ಸ್ಯಾನ್ ವಾನ್ ವರ್ಮ್ (ಎರೆಹುಳದ ಹಾಗಿರುವ ಫ್ಲೈ) ಕಟ್ಟಿ. ಅದನ್ನು ಕಂಡರೆ ಮೂಗು ಮುರಿಯುವವರು ಇದ್ದಾರೆ, ಮುರಿಯಲಿ ಬಿಡಿ. ಅದರ ಮೇಲ್ಗಡೆ 6 ಅಥವಾ 8ನೇ ನಂಬರಿನ ಕೊಕ್ಕೆಗೆ ಕಟ್ಟಿದ ಕಪ್ಪು ಸ್ಟೋನ್‌ಫ್ಲೈ (ಒಂದು ನೀರ ಹುಳ) ನಿಂಫ್, ರಬ್ಬರ್ ಕಾಲಿನದ್ದಾದರೆ ಇನ್ನೂ ಒಳ್ಳೆಯದು. ಟಿಪೆಟ್ (ಫ್ಲೈ ಕಟ್ಟುವ ತುದಿಯ ನೂಲು) 5ಎಕ್ಸ್ ಇದ್ದರೆ ಬಿಚ್ಚಿ ಅದಕ್ಕಿಂತ ದಪ್ಪದ 3ಎಕ್ಸ್ ಹಾಕಿ, ಅಂದರೆ ಸುಮಾರು 0.20 ಮಿ.ಮೀ. ದಪ್ಪ. ಈ ಬಣ್ಣದ ನೀರಲ್ಲಿ ಮೀನು ನೂಲನ್ನು ಲೆಕ್ಕಕ್ಕೆ ಇಡುವುದಿಲ್ಲ.

ತಳ ಮುಟ್ಟುತ್ತಿಲ್ಲ ಅಂದಿರಲ್ಲ, ಕಾರಣ ಎರಡು. ಒಂದು, ತೂಕ ಸಾಲದು. ಟಂಗ್‌ಸ್ಟನ್ ಮಣಿ ಅಷ್ಟೇ ಗಾತ್ರದ ಸೀಸಕ್ಕಿಂತ ಹೆಚ್ಚುಕಡಿಮೆ 1.7 ಪಟ್ಟು ಭಾರ, ಆ ಮಣಿ ಇರುವ ನಿಂಫ್ ತಗೊಳ್ಳಿ. ಸಾಲದಿದ್ದರೆ ಫ್ಲೈಗಿಂತ ಒಂದು ಗೇಣು ಮೇಲೆ ನೂಲಿಗೆ ಸ್ಪ್ಲಿಟ್ ಶಾಟ್ (ಸೀಳಿರುವ ಸಣ್ಣ ತೂಕದ ಗುಂಡು) ಒತ್ತಿ. ಇನ್ನೊಂದು, ನೀವು ಹಾಕುತ್ತಿರುವ ಜಾಗವೇ ತಪ್ಪಿರಬಹುದು. ನಿಧಾನ ನೀರಿಗೆ ಹಾಕಿದರೆ ಅರ್ಧ ತೂಕದಲ್ಲೇ ಕೆಲಸ ಆಗುತ್ತದೆ.

ನಿಂಫಣ್ಣ:

ಜಾಗದ ಬಗ್ಗೆ ರಾಯರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ. ಮಟ್ಟ ಒಂದೇ ಇದ್ದರೂ ಅವೆರಡು ಬೇರೆ ಬೇರೆ ಹೊಳೆ ಅಂತಲೇ ತಿಳಿಯಿರಿ. ಏರುವಾಗ ಎಲೆ, ಕಡ್ಡಿ, ಕೊಂಬೆ ಎಲ್ಲ ಬರುತ್ತದೆ, ಪ್ರತಿ ಸಲ ಕೊಕ್ಕೆಗೆ ಒಂದು ಎಲೆ. ಏರುವ ಮೊದಲ ಸ್ವಲ್ಪ ಹೊತ್ತು ಮೀನು ಚೆನ್ನಾಗಿ ತಿನ್ನುವುದುಂಟು, ಆಮೇಲೆ ಬಾಯಿ ಮುಚ್ಚಿಬಿಡುತ್ತದೆ. ಇಳಿಯುತ್ತಾ ತಿಳಿಯಾಗುತ್ತಾ ಬರುವ ನೀರೇ ಚಿನ್ನ.

ನೀರಿನ ಮಟ್ಟದ ಮಾಪನದ ಅಂಕಿ ಸಿಗುವ ಹೊಳೆಯಾದರೆ ಹೊರಡುವ ಮುಂಚೆ ನೋಡಿ. ಸಿಗದಿದ್ದರೆ ದಡದಲ್ಲೇ ಗೊತ್ತಾಗುತ್ತದೆ. ನೀರಿನ ಅಂಚಿನಲ್ಲಿ ಒಂದು ಕಡ್ಡಿ ಚುಚ್ಚಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಮಳೆ ನಿಂತಿದ್ದರೆ ಕಲ್ಲನ್ನೂ ನೋಡಬಹುದು: ನೀರಿನ ಮೇಲೆ ಒದ್ದೆ ಪಟ್ಟಿ ಇದ್ದರೆ ಇಳಿಯುತ್ತಿದೆ. ಒಣ ಹುಲ್ಲಿನ ಬುಡಕ್ಕೆ ನೀರು ತಾಕುತ್ತಿದ್ದರೆ ಏರುತ್ತಿದೆ.

ಹಿಮದ ನೀರಿಗೆ ಅದರದೇ ಒಂದು ದಿನಚರಿ ಇದೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಕೆಳಗೆ ಬಂದು ಮುಟ್ಟಲು ಗಂಟೆಗಟ್ಟಲೆ ಬೇಕು. ಹಾಗಾಗಿ ಮೇಲಿನ ಭಾಗದಲ್ಲಿ ಸಂಜೆ ಏರಿದ ನೀರು ಕೆಳಗಿನ ಭಾಗದಲ್ಲಿ ರಾತ್ರಿಯೋ ಮರುದಿನ ಬೆಳಗ್ಗೆಯೋ ಏರುತ್ತದೆ. ನಿಮ್ಮ ಜಾಗಕ್ಕೆ ಯಾವ ಹೊತ್ತಿಗೆ ಬರುತ್ತದೆ ಅಂತ ಗೊತ್ತಾದರೆ ಅದರ ಹಿಂದುಮುಂದು ನೋಡಿಕೊಂಡು ಹೋಗಬಹುದು.

ಥರ್ಮಾಮೀಟರ್ ಒಂದು ಜೇಬಿನಲ್ಲಿರಲಿ. ಟ್ರೌಟ್ ಚುರುಕಾಗಿ ತಿನ್ನುವುದು ಹೆಚ್ಚಾಗಿ 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. ಹಿಮದ ನೀರು 4-5 ಡಿಗ್ರಿ ಇದ್ದರೆ ಮೀನು ಫ್ಲೈಗಾಗಿ ಎರಡು ಅಡಿ ಕೂಡ ಆಚೆ ಬರುವುದಿಲ್ಲ, ಫ್ಲೈಯೇ ಅದರ ಬಾಯಿಯ ಹತ್ತಿರ ಹೋಗಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿ, ಬೇಜಾರು ಪಡಬೇಡಿ.

ಎಷ್ಟು ಬಗ್ಗಡ ಇದ್ದರೆ ವಾಪಸ್ ಬರಬೇಕು ಅಂತಲೂ ಕೇಳುತ್ತೀರಿ. ರಾಡ್ ತುದಿಯನ್ನು ಅಂಚಿನ ನೀರಿಗೆ ಇಳಿಸಿ ನೋಡಿ. ಅರ್ಧ ಮೀಟರ್ ತನಕ ಕಂಡರೆ ಆರಾಮಾಗಿ ಹಿಡಿಯಬಹುದು. ಒಂದು ಗೇಣೂ ಕಾಣದಿದ್ದರೆ ನಾನು ಗಾಡಿ ತಿರುಗಿಸುತ್ತೇನೆ.

ಸ್ಟ್ರೀಮರ್ ಮಾವ:

ನಿಂಫಣ್ಣ ಬೇಗ ಗಾಡಿ ತಿರುಗಿಸುವ ಆಸಾಮಿ 😀 ಗೇಣು ಕಾಣದ ನೀರಲ್ಲೂ ದೊಡ್ಡ ಬ್ರೌನ್ ಟ್ರೌಟ್ ಬೇಟೆಗೆ ಹೊರಡುತ್ತದೆ, ಅದಕ್ಕೆ ಕಣ್ಣೊಂದೇ ಅಲ್ಲ ಇರುವುದು. ಮೈ ಪಕ್ಕದ ಗೆರೆಯಲ್ಲಿ ನೀರಿನ ಅಲುಗಾಟ ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳುವುದು ನೀರು ತಳ್ಳುವಂಥ ಫ್ಲೈ ಹಾಕಿ ಅಂತ. 6ನೇ ನಂಬರಿನ ಕಪ್ಪು ವುಲಿ ಬಗ್ಗರ್ (ಎಳೆದು ಈಜಿಸುವ ದೊಡ್ಡ ಫ್ಲೈ), ತಲೆಗೆ ಭಾರದ ಕೋನ್, ನಿಮ್ಮ 5 ವೆಯ್ಟ್ ರಾಡ್ ಅದನ್ನು ಎಸೆಯುತ್ತದೆ. ಎಸೆಯುವಾಗ ಅವಸರ ಬೇಡ, ಲೂಪ್ (ಗಾಳಿಯಲ್ಲಿ ಲೈನ್ ಮಾಡುವ ಬಳುಕು) ಅಗಲ ಇರಲಿ, ಇಲ್ಲದಿದ್ದರೆ ಆ ಕೋನ್ ಬಂದು ರಾಡ್ ತುದಿಗೋ ನಿಮ್ಮ ಕಿವಿಗೋ ಬಡಿಯುತ್ತದೆ.

ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನನ್ನ ಮಟ್ಟಿಗೆ ಬಗ್ಗಡ ನೀರಿಗೆ ಕಪ್ಪು, ಸ್ವಲ್ಪ ತಿಳಿಯಾದರೆ ಆಲಿವ್. ಕೆಳಗಿನಿಂದ ನೋಡುವ ಮೀನಿಗೆ ಬೆಳಕಿನ ಎದುರು ಕಪ್ಪು ಆಕಾರ ಎದ್ದು ಕಾಣುತ್ತದೆ.

ಎಳೆಯುವಾಗ ನಿಧಾನ. ತಿಳಿ ನೀರಲ್ಲಿ ಎಳೆದ ಹಾಗೆ ಸರ್ ಸರ್ ಅಂತ ಎಳೆದರೆ ಮೀನು ಹುಡುಕುವಷ್ಟರಲ್ಲಿ ಫ್ಲೈ ದಾಟಿ ಹೋಗಿರುತ್ತದೆ. ದಡಕ್ಕೆ ಸಮಾನಾಂತರವಾಗಿ ಹಾಕಿ, ಮುಳುಗಲು ಬಿಡಿ, ಬೆರಳುದ್ದ ಎಳೆಯಿರಿ, ನಿಲ್ಲಿಸಿ. ಬಡಿತ ಹೆಚ್ಚಾಗಿ ನಿಲ್ಲಿಸಿದಾಗಲೇ ಬರುತ್ತದೆ.

ದಡವೇ ದೇವರು:

ಎಲ್ಲರೂ ಮೀನಿನ ಬಗ್ಗೆ ಹೇಳಿದಿರಿ. ಹೊಸಬರು ಓದುತ್ತಿದ್ದಾರೆ, ನೀರಿಗೆ ಇಳಿಯುವ ವಿಷಯವೂ ಬರಲಿ. ನೀರಿನ ವೇಗ ಎರಡರಷ್ಟಾದರೆ ಕಾಲನ್ನು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಬೇಸಿಗೆಯಲ್ಲಿ ತೊಡೆ ಮಟ್ಟದ ನೀರಲ್ಲಿ ದಾಟಿದ ಜಾಗ ಈಗ ಮೊಣಕಾಲಿನಲ್ಲೇ ಬೀಳಿಸಬಹುದು. ತಳ ಕಾಣದಿದ್ದರೆ ಇಳಿಯಬೇಡಿ, ಆಚೆ ದಡಕ್ಕೆ ದಾಟುವ ಯೋಚನೆಯನ್ನೂ ಮಾಡಬೇಡಿ. ಹೇಗೂ ಮೀನು ಈ ದಡದಲ್ಲೇ ಇದೆಯಲ್ವಾ?

ಅಂಚಿನಲ್ಲಿ ನಿಲ್ಲುವುದಾದರೂ ವೇಡರ್ (ನೀರಿಗಿಳಿಯುವ ಉಡುಪು) ಬೆಲ್ಟ್ ಬಿಗಿಯಾಗಿರಲಿ, ಕೈಯಲ್ಲಿ ಕೋಲಿರಲಿ. ಕೊರೆದುಹೋದ ದಡದ ತುದಿಗೆ ಹೋಗಬೇಡಿ, ಮೇಲೆ ಹುಲ್ಲು ಕಂಡರೂ ಕೆಳಗೆ ಟೊಳ್ಳಿರುತ್ತದೆ. ಅಕಸ್ಮಾತ್ ಬಿದ್ದರೆ ರಾಡ್ ಬಿಟ್ಟುಬಿಡಿ, ಅಂಗಾತ ತೇಲುತ್ತಾ ಕಾಲನ್ನು ಹರಿವಿನ ಕಡೆ ಮುಂದೆ ಮಾಡಿಕೊಂಡು ಓರೆಯಾಗಿ ದಡಕ್ಕೆ ಸರಿಯಿರಿ. ರಭಸದಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಕಾಲು ಸಿಕ್ಕಿದರೆ ಮುಗಿಯಿತು. ನೀರಿಗೆ ಅಡ್ಡ ಬಿದ್ದಿರುವ ಮರದಿಂದ ದೂರ ಇರಿ, ಅದರ ಕೊಂಬೆಯೊಳಗೆ ನೀರು ತೂರಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಅಣೆಕಟ್ಟಿನ ಕೆಳಗಿನ ಹೊಳೆಯಾದರೆ ನೀರು ಬಿಡುವ ಹೊತ್ತು ತಿಳಿದುಕೊಂಡೇ ಹೋಗಿ.

ಹೊಸಗಾಳ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಾನು ಇಷ್ಟು ದಿನ ನಡು ಹೊಳೆಯನ್ನೇ ನೋಡುತ್ತಿದ್ದೆ. ಇನ್ನೆರಡು ಪ್ರಶ್ನೆ. ಅಂಚಿನಲ್ಲಿ ಆಳ ಒಂದೂವರೆ ಅಡಿ ಇದ್ದರೆ ಇಂಡಿಕೇಟರ್ (ಮೀನು ಕಚ್ಚಿದ್ದನ್ನು ತೋರಿಸುವ ತೇಲು) ಎಲ್ಲಿ ಕಟ್ಟುವುದು? ಭಾರದ ನಿಂಫ್ ಹುಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದಲ್ಲ? ಮತ್ತೆ, ಮೀನು ಹಿಡಿದಮೇಲೆ ಅದು ದೊಡ್ಡ ಸೆಳೆತಕ್ಕೆ ನುಗ್ಗಿದರೆ ಏನು ಮಾಡುವುದು?

ಬಗ್ಗಡರಾಯ:

ಅಷ್ಟು ಕಡಿಮೆ ಆಳಕ್ಕೆ ಇಂಡಿಕೇಟರ್ ತೆಗೆದುಬಿಡಿ. ಸ್ಪ್ಲಿಟ್ ಶಾಟ್ ಕೂಡ ತೆಗೆಯಿರಿ, ಮಣಿಯ ತೂಕ ಸಾಕು. ರಾಡ್ ಎತ್ತಿ ಹಿಡಿದು ಲೈನ್ ನೀರಿಗೆ ತಾಗದ ಹಾಗೆ, ಲೀಡರ್ (ಲೈನ್ ತುದಿಗೆ ಕಟ್ಟಿದ ತೆಳು ನೂಲು) ಮಾತ್ರ ನೀರಲ್ಲಿ ಇರುವ ಹಾಗೆ ನಡೆಸಿ. ನೂಲು ನಿಂತರೂ, ಪಕ್ಕಕ್ಕೆ ಸರಿದರೂ ಎತ್ತಿಬಿಡಿ. ಆಳದ ಜಾಗಕ್ಕೆ ಹೋದಾಗ ಇಂಡಿಕೇಟರ್ ವಾಪಸ್ ಕಟ್ಟಿ, ಫ್ಲೈಯಿಂದ ನೀರಿನ ಆಳದ ಒಂದೂವರೆಯಿಂದ ಎರಡು ಪಟ್ಟು ಮೇಲೆ. ಹುಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಮದ್ದಿಲ್ಲ, ಜಾಸ್ತಿ ಫ್ಲೈ ಕಟ್ಟಿಟ್ಟುಕೊಳ್ಳಿ.

ಮೀನು ಸೆಳೆತಕ್ಕೆ ನುಗ್ಗಿದರೆ ಹೊಳೆಯ ಬಲವೂ ಅದರ ಕಡೆ ಸೇರುತ್ತದೆ. ಆದ್ದರಿಂದ ಕೊಕ್ಕೆ ಹಿಡಿದ ಮೊದಲ ಕ್ಷಣದಲ್ಲೇ ರಾಡನ್ನು ದಡದ ಕಡೆ ಮಲಗಿಸಿ ಪಕ್ಕಕ್ಕೆ ಎಳೆಯಿರಿ, ಮೇಲಕ್ಕಲ್ಲ. 3ಎಕ್ಸ್ ಹಾಕಿಸಿದ್ದೇ ಇದಕ್ಕೆ. ಆದರೂ ಹೋಯಿತು ಅಂದರೆ ನಿಂತಲ್ಲೇ ಎಳೆದಾಡಬೇಡಿ, ದಡದ ಮೇಲೆ ಅದರ ಜೊತೆ ಕೆಳಕ್ಕೆ ನಡೆಯಿರಿ, ಅದಕ್ಕಿಂತ ಕೆಳಗೆ ಹೋದಮೇಲೆ ಎಳೆಯುವುದು ಸುಲಭ. ಕೆಳಗೆ ನಡೆಯಲು ದಾರಿ ಇದೆಯಾ, ಯಾವ ನಿಂತ ನೀರಿಗೆ ಮೀನನ್ನು ತರುವುದು, ಎರಡನ್ನೂ ಮೊದಲ ಸಲ ಹಾಕುವ ಮುಂಚೆಯೇ ನೋಡಿಟ್ಟುಕೊಳ್ಳಿ. ಬಲೆಯ ಹಿಡಿ ಉದ್ದ ಇದ್ದರೆ ನೀರಿಗೆ ಇಳಿಯದೆಯೇ ಎತ್ತಬಹುದು.