ಸಹಾಯ ಬೇಕು: ಉದ್ದಿಮೆಯ ವೆಬ್‌ಸೈಟ್‌ಗೆ ಡೊಮೇನ್ ಮತ್ತು ಹೋಸ್ಟಿಂಗ್ ಆಯ್ಕೆ

ಎಲ್ಲರಿಗೂ ನಮಸ್ಕಾರ. ಮರದ ಪೀಠೋಪಕರಣ ತಯಾರಿಸುವ ನಮ್ಮ ಸಣ್ಣ ಉದ್ದಿಮೆಗೆ ಹೊಸದಾಗಿ ವೆಬ್‌ಸೈಟ್ ಮಾಡಿಸಬೇಕಾಗಿದ್ದು, ಅನುಭವವುಳ್ಳವರ ಸಲಹೆ ಕೋರುತ್ತಿದ್ದೇನೆ.

ಹಿಂದೆ ಸೈಟ್ ಮಾಡಿಕೊಟ್ಟವರು ಡೊಮೇನನ್ನು (ಸೈಟ್‌ನ ವಿಳಾಸದ ಹೆಸರನ್ನು) ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರಿಂದ ನವೀಕರಣದ ಸೂಚನೆಗಳೆಲ್ಲ ಅವರ ಇಮೇಲ್‌ಗೇ ಹೋಗಿ, ನಮಗೆ ತಿಳಿಯುವಷ್ಟರಲ್ಲಿ ಅವಧಿ ಮುಗಿದು ಹೆಸರು ಬೇರೆಯವರ ಪಾಲಾಗಿತ್ತು; ವಿಸಿಟಿಂಗ್ ಕಾರ್ಡುಗಳಲ್ಲಿ ಅಚ್ಚಾಗಿದ್ದ ವಿಳಾಸವನ್ನು ಒಂದೊಂದಾಗಿ ಪೆನ್ನಿನಿಂದ ಹೊಡೆದುಹಾಕಿ ಗ್ರಾಹಕರಿಗೆ ಕೊಡಬೇಕಾಯಿತು. ಆದ್ದರಿಂದ ಈ ಸಲ ನೋಂದಣಿ ನಮ್ಮದೇ ಖಾತೆಯಲ್ಲಿರಬೇಕೆಂದು ನಿರ್ಧರಿಸಿದ್ದೇವೆ.

ನಮಗೆ ಬೇಕಾದ ಹೆಸರು ಡಾಟ್ ಕಾಮ್‌ನಲ್ಲಿ ನಡುವೆ ಅಡ್ಡಗೆರೆಯಿದ್ದರೆ ಮಾತ್ರ ಸಿಗುತ್ತದೆ, ಡಾಟ್ ನೆಟ್‌ನಲ್ಲಿ ಹಾಗೆಯೇ ಸಿಗುತ್ತದೆ. ಫೋನಿನಲ್ಲಿ ವಿಳಾಸ ಹೇಳುವಾಗ ಅಡ್ಡಗೆರೆಯನ್ನು ಪ್ರತಿ ಸಲ ವಿವರಿಸಬೇಕಾಗುವುದರಿಂದ ನನ್ನ ಒಲವು ಎರಡನೆಯದರತ್ತ ಇದೆ. ಇದು ಸರಿಯೇ?

ಹೊಸದಾಗಿ ನೋಂದಾಯಿಸಿದ ಇಂಥ ಡೊಮೇನನ್ನು ಸಾಮಾನ್ಯವಾಗಿ ಮೊದಲ 60 ದಿನ ಬೇರೆ ನೋಂದಣಿ ಕಂಪನಿಗೆ ವರ್ಗಾಯಿಸಲಾಗದ ಕಾರಣ ಆರಂಭದಲ್ಲೇ ಎಚ್ಚರ ವಹಿಸಬೇಕಾಗಿದೆ. ಡೊಮೇನ್, ಹೋಸ್ಟಿಂಗ್ (ಸೈಟ್‌ನ ಕಡತಗಳನ್ನು ಇಡುವ ಸರ್ವರ್ ಸೇವೆ) ಎರಡನ್ನೂ ಒಂದೇ ಕಡೆ ತೆಗೆದುಕೊಳ್ಳುವುದು ಒಳ್ಳೆಯದೇ, ಅಥವಾ ಬೇರೆ ಬೇರೆ ಇಟ್ಟು ಡಿಎನ್‌ಎಸ್ (ಡೊಮೇನ್ ಹೆಸರಿನಿಂದ ಸರಿಯಾದ ಸರ್ವರ್‌ಗೆ ದಾರಿ ತೋರಿಸುವ ವ್ಯವಸ್ಥೆ) ಮೂಲಕ ಜೋಡಿಸುವುದು ಕ್ಷೇಮವೇ? ಫೋಟೊಗಳೇ ಹೆಚ್ಚಿರುವ ಸುಮಾರು 40 ಪುಟಗಳ ಸೈಟ್‌ಗೆ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವ ಸೇವೆ) ಸಾಕಾಗುವುದೇ, ಬ್ಯಾಕಪ್ ಬಗ್ಗೆ ಹೋಸ್ಟಿಂಗ್ ಕಂಪನಿಯನ್ನು ಮೊದಲೇ ಏನೇನು ಕೇಳಿಕೊಳ್ಳಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.