ದಡದಿಂದ ಸ್ವಿಮ್‌ಬೇಟ್: ಹಿಂದೆ ಬರುವ ದೊಡ್ಡ ಬಾಸ್ ಕಚ್ಚದೆ ತಿರುಗುವುದೇಕೆ?

ತುಂಗಾತೀರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ):

ಎಲ್ಲರಿಗೂ ನಮಸ್ಕಾರ. ತುಂಗೆಯ ದಡದಲ್ಲಿ ಎರೆಹುಳು ಚುಚ್ಚಿ ಗಾಳ ಹಾಕುತ್ತ ಬೆಳೆದವನು ನಾನು. ಈಗ ಫ್ರೀಮಾಂಟ್‌ನಲ್ಲಿದ್ದು, ಬಿಡುವು ಸಿಕ್ಕಾಗ ಲಿವರ್‌ಮೋರ್ ಬಳಿಯ ಡೆಲ್ ವ್ಯಾಲೆ ಹಾಗೂ ಕ್ಯಾಸ್ಟ್ರೋ ವ್ಯಾಲಿ ಬಳಿಯ ಶಬೋ ಕೆರೆಗಳಿಗೆ ಹೋಗುತ್ತೇನೆ. ನನ್ನಲ್ಲಿ ದೋಣಿ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ಪ್ಲಾಸ್ಟಿಕ್ ಹುಳುವಿಗೆ ಒಂದೆರಡು ಪೌಂಡಿನ ಲಾರ್ಜ್‌ಮೌತ್ ಬಾಸ್‌ಗಳು (ಬೇರೆ ಮೀನುಗಳನ್ನು ತಿನ್ನುವ, ಅಗಲ ಬಾಯಿಯ ಸಿಹಿನೀರಿನ ಮೀನು) ಸಾಕಷ್ಟು ಸಿಗುತ್ತವೆ. ಆದರೆ ಏಳೆಂಟು ಪೌಂಡಿನ ಮೀನೊಂದನ್ನು ದಡದಿಂದಲೇ ಹಿಡಿಯಬೇಕೆಂಬ ಆಸೆಯಿಂದ ಈ ಚಳಿಗಾಲದಲ್ಲಿ ಸ್ವಿಮ್‌ಬೇಟ್‌ಗಳತ್ತ, ಅಂದರೆ ಈಜುವ ಮೀನನ್ನು ಹೋಲುವ ದೊಡ್ಡ ಕೃತಕ ಬೇಟ್‌ಗಳತ್ತ (ಗಾಳದ ಆಮಿಷ), ಹೊರಳಿದ್ದೇನೆ.

ನನ್ನ ಬಳಿ ಇರುವುದು ಟ್ರೌಟ್ (ಬಾಸ್ ತಿನ್ನುವ ಒಂದು ಮೀನು) ಬಣ್ಣದ ಎಸ್-ವೇವರ್ 168, ಅಂದರೆ ಅತ್ತಿತ್ತ ಜಾರುತ್ತ ಬರುವ ಗ್ಲೈಡ್ ಬೇಟ್. ಅದನ್ನು ದೂರ ಎಸೆದು ಒಂದೇ ವೇಗದಲ್ಲಿ ಸುತ್ತಿಕೊಳ್ಳುವಾಗ, ದೊಡ್ಡ ಮೀನೊಂದು ಒಂದು ಮಾರು ಅಂತರ ಬಿಟ್ಟು ಅದರ ಹಿಂದೆ ಬರುವುದು ಆಗಾಗ ಕಾಣುತ್ತದೆ. ದಡ ಸಮೀಪಿಸಿದೊಡನೆ ಅದು ನಿಲ್ಲುತ್ತದೆ, ನೋಡುತ್ತದೆ, ಅವಸರವಿಲ್ಲದೆ ತಿರುಗಿ ಆಳಕ್ಕೆ ಇಳಿದುಬಿಡುತ್ತದೆ. ಇದಕ್ಕೆ ಎಳೆಯುವ ರೀತಿ ಕಾರಣವೋ, ಬೇಟ್ ಕಾರಣವೋ, ನಾನು ನಿಲ್ಲುವ ಜಾಗ ಕಾರಣವೋ ತಿಳಿಯುತ್ತಿಲ್ಲ. ಹಡಲ್‌ಸ್ಟನ್ ಕಂಪನಿಯ ಎಂಟು ಇಂಚಿನ ಮೃದು ಟ್ರೌಟ್ ಬೇಟ್ ಕೊಳ್ಳುವುದು ಸೂಕ್ತವೇ, ಅದಕ್ಕೆ ಬೇರೆ ರಾಡ್ ಬೇಕಾಗುತ್ತದೆಯೇ ಎಂಬುದನ್ನೂ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಏರಿಯ ಮೇಲೆ (ಸ್ಯಾನ್ ಡಿಯಾಗೋ):

ತುಂಗಾತೀರ ಅವರೇ, ಕಚ್ಚದೆ ಹಿಂದೆ ಬಂದ ಮೀನೂ ನಿಮಗೆ ಒಂದು ಉಪಕಾರ ಮಾಡಿ ಹೋಗಿದೆ: ತಾನು ಇರುವ ಜಾಗವನ್ನು ತೋರಿಸಿದೆ. ದಡದಲ್ಲಿ ನಿಂತವನಿಗೆ ಸೋನಾರ್ (ಶಬ್ದದ ಅಲೆಗಳಿಂದ ನೀರಿನಡಿಯ ಮೀನು ತೋರಿಸುವ ಸಾಧನ) ಇಲ್ಲ. ಗ್ಲೈಡ್ ಬೇಟೇ ಅವನ ಸೋನಾರ್. ನಾನು ಅದನ್ನು ಮೀನು ಹಿಡಿಯುವುದಕ್ಕಿಂತ ಹೆಚ್ಚಾಗಿ ಮೀನು ಹುಡುಕುವುದಕ್ಕೇ ಬಳಸುತ್ತೇನೆ.

ತಿರುಗಿ ಹೋಗುವುದಕ್ಕೆ ನನ್ನ ತಿಳಿವಳಿಕೆಯಂತೆ ಎರಡು ಮುಖ್ಯ ಕಾರಣಗಳಿವೆ. ನೀವು ಒಂದೇ ವೇಗದಲ್ಲಿ ಸುತ್ತುತ್ತಿದ್ದೀರಿ ಎಂದು ಬರೆದಿದ್ದೀರಿ. ಹಿಂದೆ ಹಿಂಸ್ರ ಮೀನೊಂದು ಬರುತ್ತಿದೆಯೆಂದು ಗೊತ್ತಾದ ಟ್ರೌಟ್ ಅದೇ ನಡಿಗೆಯಲ್ಲಿ ಮುಂದುವರಿಯುವುದಿಲ್ಲ. ಬೆದರಿ ಒಂದು ಬಾರಿ ಜಿಗಿಯುತ್ತದೆ ಅಥವಾ ಗಕ್ಕನೆ ದಿಕ್ಕು ಬದಲಿಸುತ್ತದೆ. ಆದುದರಿಂದ ರೀಲಿನ ಹಿಡಿಯನ್ನು ಅರ್ಧ ಸುತ್ತು ಚುರುಕಾಗಿ ತಿರುಗಿಸಿ ಕೂಡಲೇ ನಿಲ್ಲಿಸಿ. ದಾರ ಸಡಿಲವಾದಾಗ ಬೇಟ್ ಪಕ್ಕಕ್ಕೆ ತಿರುಗಿ ಹಿಂದಿರುವ ಮೀನಿಗೆ ಮುಖಾಮುಖಿಯಾಗುತ್ತದೆ, ಕಚ್ಚುವುದು ಬಹುಮಟ್ಟಿಗೆ ಆ ಕ್ಷಣದಲ್ಲಿ. ಇದನ್ನು ಮೀನು ಕಣ್ಣಿಗೆ ಬಿದ್ದ ಮೇಲೆ ಮಾಡಿದರೆ ತಡವಾಗಿರುತ್ತದೆ. ಬೇಟ್ ಇನ್ನೂ ಮೂವತ್ತು ನಲವತ್ತು ಅಡಿ ದೂರವಿರುವಾಗಲೇ, ಹಿಂದೆ ಮೀನಿದೆ ಎಂದು ನಂಬಿಕೊಂಡು ಮಾಡಬೇಕು. ಎರಡನೆಯ ಕಾರಣ ನೀವೇ, ಅಂದರೆ ನಿಮ್ಮ ಆಕಾರ. ತಿಳಿನೀರಿನಲ್ಲಿ ಬಾಸ್ ನಿಮ್ಮನ್ನು ನೀವು ಅದನ್ನು ಕಾಣುವ ಮೊದಲೇ ಕಂಡಿರುತ್ತದೆ. ನೀರಿನ ಅಂಚಿನಿಂದ ಹತ್ತಡಿ ಹಿಂದೆ ನಿಲ್ಲಿ, ಬೆನ್ನ ಹಿಂದೆ ಪೊದೆಯೋ ಬಂಡೆಯೋ ಇರುವಂತೆ ನೋಡಿಕೊಳ್ಳಿ, ಜಲ್ಲಿಕಲ್ಲಿನ ಮೇಲೆ ಬೂಟು ಸದ್ದು ಮಾಡದಿರಲಿ. ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ.

ಹಿಂದೆ ಬಂದು ತಿರುಗಿದ ಮೀನಿಗೆ ಅಲ್ಲೇ ನಿಂತು ಮತ್ತೆ ಮತ್ತೆ ಅದೇ ಬೇಟನ್ನು ಎಸೆಯುವುದರಿಂದ ಪ್ರಯೋಜನ ಕಡಿಮೆ. ಜಾಗವನ್ನು ಗುರುತಿಟ್ಟುಕೊಂಡು ಹೋಗಿ, ಬೆಳಕು ಹರಿಯುವ ಹೊತ್ತಿಗೋ, ಗಾಳಿ ಬೀಸಿ ನೀರಿನ ಮೇಲ್ಮೈ ಕದಡಿದಾಗಲೋ, ಮೋಡ ಕವಿದ ದಿನವೋ ಬಂದು, ಅಲ್ಲಿ ಮೃದು ಟ್ರೌಟನ್ನು ತಳಕ್ಕೆ ಇಳಿಸಿ ಎಳೆಯಿರಿ.

ಇನ್ನು ಜಾಗದ ವಿಷಯ. ನನ್ನ ದೃಷ್ಟಿಯಲ್ಲಿ ಬೇಟ್‌ಗಿಂತ ಇದೇ ದೊಡ್ಡದು. ದೋಣಿಯವನು ದಡದತ್ತ ಎಸೆದು ಬೇಟನ್ನು ಆಳಕ್ಕೆ ಇಳಿಸುತ್ತ ಎಳೆಯುತ್ತಾನೆ. ನಾವು ಆಳಕ್ಕೆ ಎಸೆದು ಇಳಿಜಾರನ್ನು ಹತ್ತಿಸುತ್ತ ತರುತ್ತೇವೆ. ಬಾಸ್ ಆಹಾರವನ್ನು ದಡದ ಕಡೆಗೆ ಅಟ್ಟಿ, ಅದು ಓಡಲಾಗದ ಕಡೆ ಹಿಡಿಯುವ ಮೀನಾದ್ದರಿಂದ, ಹತ್ತುವ ದಾರಿ ನಮಗೆ ಅನುಕೂಲವೇ. ಆದರೆ ಆಳವಾದ ನೀರು ದಡಕ್ಕೆ ಹತ್ತಿರ ಬರುವ ಕಡೆ ಮಾತ್ರ ಇದು ಫಲಿಸುತ್ತದೆ: ಅಣೆಕಟ್ಟಿನ ಕಲ್ಲುಹಾಸಿನ ಎರಡು ತುದಿಗಳು, ನೀರಿಗೆ ಚಾಚಿಕೊಂಡ ದಿಬ್ಬದ ಮೂತಿ, ಹಳೆಯ ಹಳ್ಳದ ಪಾತ್ರ ದಡವನ್ನು ಸವರಿ ಹೋಗುವ ತಿರುವು. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ಕೆರೆಯನ್ನು ಒಮ್ಮೆ ಸುತ್ತಿ ಫೋಟೋ ತೆಗೆದಿಟ್ಟುಕೊಂಡರೆ, ಚಳಿಗಾಲದಲ್ಲಿ ನೀರಿನಡಿ ಏನಿದೆಯೆಂದು ಊಹಿಸುವ ಕೆಲಸವೇ ಇರುವುದಿಲ್ಲ. ನೇರವಾಗಿ ಮುಂದಕ್ಕೆ ಎಸೆಯುವ ಚಟವನ್ನೂ ಬಿಡಿ. ದಡಕ್ಕೆ ಸಮಾನಾಂತರವಾಗಿ, ನೀರುಕಳೆಯ ಹೊರ ಅಂಚನ್ನು ಸವರುವಂತೆ ಎಸೆದರೆ ಬೇಟ್ ಎಳೆಯುವಷ್ಟೂ ಹೊತ್ತು ಮೀನಿರುವ ಪಟ್ಟಿಯಲ್ಲೇ ಇರುತ್ತದೆ.

ಟ್ರೌಟ್ ಬಣ್ಣವೇ ಏಕೆ ಎಂಬುದಕ್ಕೆ ನಮ್ಮ ಕಡೆಯ ಇತಿಹಾಸವೇ ಉತ್ತರ. 1959ರಲ್ಲಿ ಫ್ಲಾರಿಡಾ ತಳಿಯ ಬಾಸ್ ಮರಿಗಳನ್ನು ತಂದು ಇಲ್ಲಿನ ಅಪ್ಪರ್ ಓಟೈ ಕೆರೆಗೆ ಬಿಟ್ಟರು. ಅಲ್ಲಿಂದ ಅವು ಉಳಿದ ಕೆರೆಗಳಿಗೂ ಹೋದವು. ತಂಪು ತಿಂಗಳುಗಳಲ್ಲಿ ಜನರಿಗಾಗಿ ಇದೇ ಕೆರೆಗಳಿಗೆ ಸಾಕಿದ ರೇನ್‌ಬೋ ಟ್ರೌಟ್ ಬಿಡುವ ಪದ್ಧತಿ ಇದ್ದುದರಿಂದ, ಮೊದಲೇ ದೊಡ್ಡದಾಗಿ ಬೆಳೆಯುವ ತಳಿಗೆ ಚುಚ್ಚುವ ರೆಕ್ಕೆಮುಳ್ಳಿಲ್ಲದ, ಕೊಬ್ಬಿದ, ಶತ್ರುವನ್ನೇ ಅರಿಯದ ಊಟ ಸಿಕ್ಕಿತು. ಬಾಸ್ ತನ್ನ ಉದ್ದದ ಮೂರನೆಯ ಒಂದು ಭಾಗಕ್ಕಿಂತ ಉದ್ದದ ಮೀನನ್ನೂ ನುಂಗಬಲ್ಲದು. ಎಂಟು ಇಂಚಿನ ಬೇಟ್ ನಮ್ಮ ಕಣ್ಣಿಗೆ ದೊಡ್ಡದು, ಅದರ ಕಣ್ಣಿಗಲ್ಲ. ನಿಮ್ಮ ಕೆರೆಗಳಿಗೆ ಟ್ರೌಟ್ ಬಿಡುವ ವೇಳಾಪಟ್ಟಿಯನ್ನು ಗಮನಿಸಿ; ಬಿಟ್ಟ ಮೀನುಗಳು ಕೆಲವು ದಿನ ದೋಣಿ ಇಳಿಸುವ ಇಳಿಜಾರಿನ ಸುತ್ತಲೇ ಸುಳಿದಾಡುತ್ತವೆ, ಅವುಗಳ ಹಿಂದೆ ದೊಡ್ಡ ಬಾಸ್ ಬರುತ್ತದೆ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ದಾಖಲೆಗಳ ಕಥೆ ಬಾರದೆ ಇರುವುದಿಲ್ಲ. 2006ರಲ್ಲಿ ನಮ್ಮ ಡಿಕ್ಸನ್ ಕೆರೆಯಲ್ಲಿ 25 ಪೌಂಡ್ 1 ಔನ್ಸ್ ತೂಗಿದ ಬಾಸ್ ಸಿಕ್ಕಿದ್ದು ಜಿಗ್‌ಗೆ (ಸೀಸದ ತಲೆಯ ಸಣ್ಣ ಬೇಟ್), ಅದೂ ಬಾಯಿಯ ಹೊರಗೆ ಕೊಕ್ಕೆ ಸಿಕ್ಕಿದ್ದರಿಂದ ಅದು ದಾಖಲೆಗೆ ಸೇರಲಿಲ್ಲ. ಜಾರ್ಜಿಯಾದ 1932ರ ವಿಶ್ವದಾಖಲೆಯನ್ನು ಸರಿಗಟ್ಟಿದ 2009ರ ಜಪಾನಿನ ಬಿವಾ ಸರೋವರದ ಬಾಸ್ ಸಿಕ್ಕಿದ್ದು ಬ್ಲೂಗಿಲ್ ಎಂಬ ಸಣ್ಣ ಜೀವಂತ ಮೀನಿಗೆ. ಸ್ವಿಮ್‌ಬೇಟ್ ಹಾಕಿದವರಿಗೆಲ್ಲ ದೈತ್ಯ ಮೀನು ಬೀಳುತ್ತದೆಂದು ಹೇಳುವವರನ್ನು ನಂಬಬೇಡಿ.

ದೆಲ್ಟಾವಾಸಿ (ಸ್ಟಾಕ್ಟನ್):

ಏರಿಯ ಮೇಲೆ ಅವರು ಬರೆದುದರಲ್ಲಿ ಜಾಗದ ಮಾತನ್ನು ಪೂರ್ಣ ಒಪ್ಪುತ್ತೇನೆ. ಆದರೆ ದಡದ ಮೇಲಿನ ಹೊಸಬರಿಗೆ ಎಂಟು ಇಂಚಿನ ಟ್ರೌಟನ್ನು ಮೊದಲ ಬೇಟ್ ಎಂದು ಸೂಚಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಅದು ನೂರೈವತ್ತು ಗ್ರಾಮ್ ಆಸುಪಾಸಿನ ವಸ್ತು. ಸಾಮಾನ್ಯ ಬಾಸ್ ರಾಡಿನಲ್ಲಿ ಅದನ್ನು ಎಸೆಯಲು ಹೋದರೆ ರಾಡ್ ಮುರಿಯಬಹುದು. ರೀಲಿನಲ್ಲಿ ದಾರ ಗೋಜಲಾದರೆ ಬೇಟ್ ದಾರ ಕಡಿದುಕೊಂಡು ಕೆರೆಯ ನಡುವೆ ಹೋಗಿ ಬೀಳುತ್ತದೆ. ಇಷ್ಟು ತೂಕಕ್ಕೆ ಎಂಟಡಿಯ ಆಸುಪಾಸಿನ ಎಕ್ಸ್‌ಟ್ರಾ ಹೆವಿ ರಾಡ್, 300 ಅಥವಾ 400 ಗಾತ್ರದ ಬೇಟ್‌ಕಾಸ್ಟಿಂಗ್ ರೀಲ್, 25 ಪೌಂಡಿನ ಮಾನೋ (ಒಂಟಿ ಎಳೆಯ ನೈಲಾನ್) ದಾರ ಬೇಕಾಗುತ್ತದೆ. ಎಸೆಯುವಾಗ ಚಾಟಿಯಂತೆ ಬೀಸದೆ, ಬೇಟನ್ನು ಹಿಂದೆ ಇಳಿಬಿಟ್ಟು, ಎರಡೂ ಕೈಗಳಿಂದ ಮೆಲ್ಲನೆ ತೂಗಿ ಬಿಡಬೇಕು. ದಡದಲ್ಲಿ ಬೆನ್ನ ಹಿಂದೆ ಮರವಿದ್ದರೆ ಇದೇ ಒಂದು ಸಮಸ್ಯೆ.

ಆದುದರಿಂದ ಆರು ಇಂಚಿನ ಮೃದು ಬೇಟ್‌ನಿಂದ ಆರಂಭಿಸಿ. ಏಳೂವರೆ ಅಡಿಯ ಹೆವಿ ರಾಡಿಗೆ ಅದು ಸಲ್ಲುತ್ತದೆ, ಎಂಟು ಪೌಂಡಿನ ಬಾಸ್ ಅದನ್ನು ಚಿಕ್ಕದೆಂದು ಬಿಡುವುದೂ ಇಲ್ಲ. ಹಡಲ್‌ಸ್ಟನ್ ಬೇಟ್‌ಗಳ ಮೇಲೆ ಆರ್‌ಒಎಫ್ ಎಂಬ ಸಂಖ್ಯೆ ಇರುತ್ತದೆ. ಹತ್ತು ಸೆಕೆಂಡಿನಲ್ಲಿ ಎಷ್ಟು ಅಡಿ ಮುಳುಗುತ್ತದೆಂಬುದನ್ನು ಅದು ಹೇಳುತ್ತದೆ. ದಡದ ಬಳಿಯ ಕಳೆಯ ಮೇಲೆ ಹಾಯಿಸಲು 5, ಅಣೆಕಟ್ಟಿನಂಥ ಕಡಿದಾದ ಜಾಗಕ್ಕೆ 12. ಹೊಟ್ಟೆಯಡಿ ಮೂರು ಮೊನೆಯ ಕೊಕ್ಕೆ ನೇತಾಡುವ ಬೇಟ್‌ಗಳನ್ನು ದಡದವರು ಆದಷ್ಟು ದೂರವಿಡಬೇಕು, ಏಕೆಂದರೆ ಇಳಿಜಾರು ಹತ್ತಿಬರುವ ಬೇಟ್ ಪ್ರತಿಯೊಂದು ಕಲ್ಲಿಗೂ ಬೇರಿಗೂ ಹೊಟ್ಟೆಯನ್ನೇ ಉಜ್ಜುತ್ತದೆ. ಬೆನ್ನ ಮೇಲೆ ಒಂಟಿ ಕೊಕ್ಕೆ ಇರುವುದು ಲೇಸು. ದಾರವು ಬೇಟ್‌ನ ಮೈಯೊಳಗಿಂದ ಹಾಯ್ದು ಕೊಕ್ಕೆಗೆ ಸೇರುವ ಲೈನ್-ಥ್ರೂ ವಿನ್ಯಾಸಗಳೂ ಒಳ್ಳೆಯವು: ಮೀನು ತಲೆ ಕೊಡವಿದಾಗ ಭಾರವಾದ ಬೇಟ್ ದಾರದ ಮೇಲೆ ಜಾರಿ ಮೇಲಕ್ಕೆ ಹೋಗುವುದರಿಂದ, ಅದರ ಭಾರವನ್ನೇ ಬಳಸಿ ಕೊಕ್ಕೆ ಕಿತ್ತುಕೊಳ್ಳಲು ಮೀನಿಗೆ ಆಗುವುದಿಲ್ಲ.

ಎಳೆಯುವ ವೇಗದ ಬಗ್ಗೆ ಒಂದೇ ಸಲಹೆ: ನಿಮಗೆ ನಿಧಾನ ಎನಿಸಿದ ವೇಗವನ್ನು ಅರ್ಧಕ್ಕೆ ಇಳಿಸಿ. ಮೃದು ಟ್ರೌಟಿಗೆ ಬಾಲ ಮಾತ್ರ ಅಲುಗಾಡುವಷ್ಟು ಎಳೆತ ಸಾಕು. ಬಾಸ್ ಬಾಯಿ ತೆರೆದು ನೀರಿನೊಡನೆ ಬೇಟನ್ನು ಒಳಕ್ಕೆ ಹೀರುತ್ತದಾದ್ದರಿಂದ, ಎಂಟು ಪೌಂಡಿನ ಮೀನು ಹಿಡಿದಾಗಲೂ ಕೈಗೆ ತಿಳಿಯುವುದು ಸಣ್ಣದೊಂದು ಟಕ್ ಎಂಬ ತಾಗು ಅಥವಾ ದಾರ ಭಾರವಾದ ಭಾವನೆ ಮಾತ್ರ. ಆಗ ಸರಕ್ಕನೆ ಎತ್ತದೆ, ಸಡಿಲು ದಾರವನ್ನು ಬೇಗ ಸುತ್ತಿಕೊಂಡು, ಭಾರ ತಾಗಿದ ಮೇಲೆ ರಾಡನ್ನು ಪಕ್ಕಕ್ಕೆ ಬಲವಾಗಿ ಎಳೆಯಿರಿ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಡೆಲ್ ವ್ಯಾಲೆಯಲ್ಲಿ ಮೀನು ಹಿಂದೆ ಬಂದ ಜಾಗ ದಿಬ್ಬದ ಮೂತಿಯೊಂದರ ಪಕ್ಕದಲ್ಲೇ ಇದೆ. ಇದುವರೆಗೆ ಅದರ ತುದಿಯಲ್ಲಿ ನಿಂತು ನೇರ ಮುಂದಕ್ಕೆ ಎಸೆಯುತ್ತಿದ್ದೆ, ಇನ್ನು ಬದಿಯಿಂದ ಅಡ್ಡಲಾಗಿ ಎಸೆದು ನೋಡುತ್ತೇನೆ. ಆರು ಇಂಚಿನ ಸಲಹೆಯೂ ನನ್ನ ಜೇಬಿಗೆ ಹೊಂದುವಂಥದ್ದು. ಇನ್ನೆರಡು ಪ್ರಶ್ನೆಗಳು: ಬಾಸ್ ಮೊಟ್ಟೆಯಿಡುವ ಮೊದಲಿನ ವಾರಗಳೇ ಉತ್ತಮವೆಂದು ಕೇಳಿದ್ದೇನೆ, ಅದು ಯಾವಾಗ? ಒಂಟಿಯಾಗಿ ದಡದಲ್ಲಿರುವಾಗ ದೊಡ್ಡ ಮೀನನ್ನು ಮೇಲೆತ್ತುವುದು ಹೇಗೆ? ಮನೆಯವರು ಒಮ್ಮೆ ಸಾರು ಮಾಡೋಣ ಎನ್ನುತ್ತಿದ್ದಾರೆ ಎಂಬುದನ್ನೂ ಸೇರಿಸಿಬಿಡುತ್ತೇನೆ.

ಬಯಲುಸೀಮೆ (ಸ್ಯಾನ್ ಹೊಸೆ):

ನೀರಿನ ಉಷ್ಣತೆ 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ಗಂಡು ಬಾಸ್‌ಗಳು ದಡದ ಬಳಿ ಗೂಡು ಮಾಡತೊಡಗುತ್ತವೆ. ಅದಕ್ಕೆ ಮೊದಲು, ಉಷ್ಣತೆ 55 ಡಿಗ್ರಿ ದಾಟಿ 60ರ ಸಮೀಪ ಬರುತ್ತಿರುವಾಗ, ಮೊಟ್ಟೆ ತುಂಬಿದ ಹೆಣ್ಣುಗಳು ಆಳದಿಂದ ಮೇಲಕ್ಕೆ ಬಂದು ಗಟ್ಟಿಯಾಗಿ ತಿನ್ನುತ್ತವೆ. ನಮ್ಮ ಕಡೆ ಇದು ಸ್ಥೂಲವಾಗಿ ಫೆಬ್ರವರಿಯ ನಡುವಿನಿಂದ ಏಪ್ರಿಲ್‌ವರೆಗೆ. ದಿನಾಂಕಕ್ಕಿಂತ ಉಷ್ಣಮಾಪಕವನ್ನು ನಂಬಿ. ನಾಲ್ಕು ದಿನ ಬಿಸಿಲು ಬಿದ್ದರೆ ಉತ್ತರ ದಿಕ್ಕಿನ ದಡ ಬೇರೆ ದಡಗಳಿಗಿಂತ ಬೇಗ ಬೆಚ್ಚಗಾಗುತ್ತದೆ. ಗೂಡಿನ ಮೇಲೆ ಕುಳಿತ ಮೀನನ್ನು ಕೆಣಕಿ ಹಿಡಿಯುವುದು ಕಾನೂನಿನ ಮಾತು ಹೇಗೇ ಇರಲಿ, ನನಗೆ ಸರಿಕಾಣುವುದಿಲ್ಲ.

ಮೀನೆತ್ತಲು ಉದ್ದ ಹಿಡಿಯ, ರಬ್ಬರ್ ಬಲೆಯ ನೆಟ್ ಒಂದನ್ನು ತೆರೆದೇ ಇಟ್ಟುಕೊಂಡಿರಿ. ದೊಡ್ಡ ಬಾಸನ್ನು ಕೆಳದವಡೆಯೊಂದರಿಂದಲೇ ಅಡ್ಡಲಾಗಿ ತೂಗಿಸಿ ಹಿಡಿದರೆ ದವಡೆಗೆ ಪೆಟ್ಟಾಗುತ್ತದೆ. ಇನ್ನೊಂದು ಕೈಯನ್ನು ಒದ್ದೆ ಮಾಡಿಕೊಂಡು ಹೊಟ್ಟೆಗೆ ಆಸರೆ ಕೊಡಿ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗಿಸಬೇಡಿ. ಕೊಕ್ಕೆ ಬಿಡಿಸುವಾಗ ಮೀನು ನೆಟ್‌ನೊಳಗೆ, ನೀರಿನಲ್ಲೇ ಇರಲಿ.

ಹದಿನಾರು ವರ್ಷ ದಾಟಿದವರಿಗೆ ರಾಜ್ಯದ ಪರವಾನಗಿ ಬೇಕೆಂಬುದು ನಿಮಗೆ ತಿಳಿದೇ ಇರುತ್ತದೆ. 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಡೆಲ್ ವ್ಯಾಲೆ ಮತ್ತು ಶಬೋಗಳಲ್ಲಿ ಅದರ ಮೇಲೆ ಪಾರ್ಕಿನ ದಿನದ ಪರ್ಮಿಟ್ ಕೂಡ ಬೇಕು. ದೋಣಿ ಇಲ್ಲವೆಂದು ಕೊರಗಬೇಕಾಗಿಯೂ ಇಲ್ಲ: 2024ರ ಅಕ್ಟೋಬರ್‌ನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಪತ್ತೆಯಾದ ಮೇಲೆ ಹಲವು ಕೆರೆಗಳು ಹೊರಗಿನ ದೋಣಿಗಳಿಗೆ ನಿರ್ಬಂಧ ಹಾಕಿವೆ, ದೋಣಿಯಿದ್ದವರೂ ಈಗ ನಮ್ಮ ಪಕ್ಕದಲ್ಲೇ ನಿಂತಿದ್ದಾರೆ.

ಸಾರಿನ ವಿಷಯದಲ್ಲಿ ಮನೆಯವರಿಗೆ ಹೀಗೆ ಹೇಳಿ. ಬಾಸ್ ದೊಡ್ಡದಾದಷ್ಟೂ, ವಯಸ್ಸಾದಷ್ಟೂ ಅದರ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ನಮ್ಮ ಸ್ಯಾನ್ ಹೊಸೆಯ ದಕ್ಷಿಣಕ್ಕೆ ಹಳೆಯ ನ್ಯೂ ಆಲ್ಮಡೆನ್ ಪಾದರಸದ ಗಣಿಗಳಿದ್ದ ಕಾರಣ, ಆಲ್ಮಡೆನ್, ಗ್ವಾಡಲೂಪೆ ಮತ್ತು ಕ್ಯಾಲೆರೋ ಜಲಾಶಯಗಳ ಮೀನನ್ನು ತಿನ್ನಲೇಬಾರದೆಂಬ ಎಚ್ಚರಿಕೆಯ ಫಲಕಗಳಿವೆ. ಉಳಿದ ಕೆರೆಗಳಿಗೂ ರಾಜ್ಯ ಸರ್ಕಾರ ಮಕ್ಕಳಿಗೆ, ಗರ್ಭಿಣಿಯರಿಗೆ ಬೇರೆಯಾಗಿ ಸೂಚನೆ ಕೊಟ್ಟಿದೆ. ಕೆರೆಯ ಹೆಸರು ಹಾಕಿ ನೋಡಿಕೊಳ್ಳಿ. ಏಳೆಂಟು ಪೌಂಡಿನ ಬಾಸ್ ಬಿದ್ದರೆ ಫೋಟೋ ತೆಗೆದು ಬಿಟ್ಟುಬಿಡಿ, ಸಾರಿಗೆ ಆ ವಾರ ಬಿಟ್ಟ ಟ್ರೌಟನ್ನೇ ಹಿಡಿದು ಒಯ್ಯಿರಿ.